ಮೂವತ್ತೊಂದನೆಯ ಹಾಳೆ

ಪುಂತಾ ಅರೆನಾಸ್‌ನಲ್ಲಿ ಗಾಳಿ ಎದ್ದ ದಿನ
ಚೌಕದ ಸುತ್ತ ಹಗ್ಗ ಕಟ್ಟುತ್ತಾರೆ,
ಜನ ಹಿಡಿದುಕೊಂಡು ನಡೆಯಲಿ ಎಂದು.
ಹಗ್ಗ ಮುಗಿಯುವಲ್ಲಿ ನನ್ನ ಅಂಗಡಿ.
ಅದಕ್ಕೇ ಇರಬೇಕು, ಕೆಲವರು ಒಳಗೆ ಬರುವುದು
ಪುಸ್ತಕ ಕಟ್ಟಿಸಲು ಅಲ್ಲ, ಉಸಿರಾಡಲು.
ಆಮೇಲೆ, ಸಂಕೋಚಪಡುತ್ತ,
ಕೋಟಿನೊಳಗೆ ಕೈ ಹಾಕುತ್ತಾರೆ.

ಏಡಿ ಕಾರ್ಖಾನೆಯ ನೊಲ್ಬೆರ್ತಾ
ಹಾಜರಿ ಚೀಟಿಗಳ ಹಿಂಬದಿಗೆ ಬರೆದು ತಂದಳು.
ಅಲ್ಲಿ ಕೈಗೆ ಕೆಲಸ, ಬಾಯಿಗೆ ಬೀಗ;
ಮೇಸ್ತ್ರಿಗೆ ಹೇಳಲಾಗದೆ ನುಂಗಿದ ಉತ್ತರಗಳು,
ಇಪ್ಪತ್ತು ವರ್ಷದವು, ತಾರೀಖಿನ ಸಮೇತ.
ಮೂಸಿದರೆ ಉಪ್ಪು.
"ಎಷ್ಟು ಪ್ರತಿ?" ಅಂದೆ.
"ಒಂದೇ. ಮೇಸ್ತ್ರಿಗೆ.
ಈಗ ನಿವೃತ್ತ. ಓದಲು ಪುರುಸೊತ್ತಿದೆ."

ಆಂಬುಲೆನ್ಸ್ ಓಡಿಸುವ ಹೆರಾಲ್ದೊ
ಬರೆಯುವುದು ಪ್ರೇಮಕಥೆ ಮಾತ್ರ;
ಅವುಗಳಲ್ಲಿ ಯಾರಿಗೂ ನೆಗಡಿ ಕೂಡ ಆಗುವುದಿಲ್ಲ.
ಎಂಬತ್ತೆರಡರ ಒರ್ಫೆಲಿನಾ
ಅಜ್ಜಿ ದ್ವೀಪದಿಂದ ತಂದ ಶಾಪಗಳನ್ನು ಒಟ್ಟುಮಾಡಿದ್ದಾಳೆ.
ಬಳಸದೆ ತುಕ್ಕು ಹಿಡಿಯುತ್ತಿವೆ ಎಂಬುದು ಅವಳ ಚಿಂತೆ.

ಸಾಂತಿಯಾಗೊದ ಪ್ರಕಾಶಕರು
ಇವರ್ಯಾರನ್ನೂ ಕರೆಯಲಿಲ್ಲ. ಇವರೂ ಕಾಯಲಿಲ್ಲ.
ನನಗೆ ಸಾಹಿತ್ಯ ತಿಳಿಯದು,
ದಾರ ತಿಳಿಯುತ್ತದೆ, ಮಡಿಕೆ ತಿಳಿಯುತ್ತದೆ.
ನಮ್ಮದು ಬರೀ ಅಂಟಿನ ನಂಟು,
ಬಿಸಿಯಿರುವಾಗ ಮಾತ್ರ ಹಿಡಿಯುವಂಥದ್ದು.

ಹಾಗೆಂದುಕೊಂಡಿದ್ದೆ,
ಸೆಗುಂದೊ ಬಾರ್ರಿಯಾ ಬರುವವರೆಗೆ.
ನಲವತ್ತು ಬೇಸಿಗೆ ಕುರಿಯ ಉಣ್ಣೆ ತೆಗೆದ ಕೈ
ಪೆನ್ನನ್ನೂ ಕತ್ತರಿಯಂತೆ ಹಿಡಿಯುತ್ತದೆ.
ಅರವತ್ತೆರಡು ಹಾಳೆ. ಹಾಳೆಗೊಬ್ಬ,
ಜೊತೆಯಲ್ಲಿ ದುಡಿದವನು.
"ಕುರಿಗಳ ಲೆಕ್ಕ ಕಂಪನಿ ಇಟ್ಟಿದೆ," ಎಂದ.
"ನಮ್ಮದನ್ನು ಯಾರೂ ಇಟ್ಟಿಲ್ಲ."

ಬಾಗಿಲನ್ನು ಅವನು ಸರಿಯಾಗಿ ಹಾಕಿರಲಿಲ್ಲ.
ಗಾಳಿ ಬಂತು, ಯಾರನ್ನೂ ಕೇಳಲಿಲ್ಲ,
ಅಷ್ಟನ್ನೂ ಎತ್ತಿಕೊಂಡು ಹೊರಟಿತು.
ಹಗ್ಗ ಹಿಡಿದಿದ್ದವರು ಒಂದು ಕೈ ಬಿಟ್ಟರು,
ಬಿಟ್ಟ ಕೈಯಲ್ಲಿ ಹಾಳೆ ಹಿಡಿದರು.
ಒಬ್ಬಾಕೆ ಹಗ್ಗವನ್ನೇ ಬಿಟ್ಟು ಓಡಿದಳು.

ವಾರವಿಡೀ ಹಾಳೆಗಳು ಮರಳಿದವು.
ಕಟುಕ ತಂದದ್ದರಲ್ಲಿ ಒಂದು ಕಾಗುಣಿತ ತಿದ್ದಿತ್ತು.
ಟ್ಯಾಕ್ಸಿಯವಳು ಮೂರು ತಂದು ನಿಂತೇ ಇದ್ದಳು:
"ಈ ಕುದುರೆಯಿಂದ ಬಿದ್ದವನು, ಬದುಕಿದನೆ?"
ಒಬ್ಬ ಹುಡುಗ ತಂದದ್ದು ದೋಣಿಯಾಗಿತ್ತು.
ಬಿಚ್ಚುವಾಗ ಅವನ ಮುಖ ನೋಡಲಾಗಲಿಲ್ಲ.

ಎಣಿಸಿದರೆ ಅರವತ್ತೊಂದು.
ಮೂವತ್ತೊಂದನೆಯದು ಇಲ್ಲ.
ಸೆಗುಂದೊ ಗಲ್ಲ ಕೆರೆದುಕೊಂಡ.
ಅವನಮ್ಮ ಚಿಲೊಯೆಯಲ್ಲಿ ಗೋಧಿ ತೂರುತ್ತಿದ್ದಳಂತೆ:
"ಹಾರಿದ್ದೆಲ್ಲ ಜೊಳ್ಳಲ್ಲ ಅನ್ನುತ್ತಿದ್ದಳು, ಕೋಳಿಗಳಿಗೆ ಗೊತ್ತು."
ಮತ್ತೆ ಬರೆದುಕೊಡಲು ಒಪ್ಪಲಿಲ್ಲ.
ಅಲ್ಲೊಂದು ಖಾಲಿ ಹಾಳೆ ಇಟ್ಟು
ನಲವತ್ತು ಪ್ರತಿ ಕಟ್ಟಿದೆ.

ಈಗ ಹೇಳುತ್ತೇನೆ. ಅದು ಹಾರಿರಲಿಲ್ಲ.
ಮೇಜಿನ ಕೆಳಗೆ, ಅಂಟಿನ ಡಬ್ಬಿಗೆ
ಮೂಲೆ ಕಚ್ಚಿಕೊಂಡು ನೇತಾಡುತ್ತಿತ್ತು.
ಮೊದಲ ಸಾಲಿನಲ್ಲೇ ನನ್ನಪ್ಪನ ಹೆಸರು.
ಯೆರ್ಕೊ, ಎಡಗೈಯವ, ಮಾತು ಕಡಿಮೆ.
ರಾತ್ರಿ ಉಣ್ಣೆ ಮೂಟೆಯ ಮೇಲೆ ಮಲಗಿ
ಪೇಟೆಯ ಮಗಳಿಗೆ ಕಾಗದ ಬರೆಯುತ್ತಿದ್ದ;
ಬೆಳಗ್ಗೆ ಅದೇ ಕಾಗದದಲ್ಲಿ ತಂಬಾಕು ಸುತ್ತಿ
ಸೇದಿಬಿಡುತ್ತಿದ್ದ.

ನನಗೆ ಒಂದೂ ಕಾಗದ ಬಂದಿರಲಿಲ್ಲ.
ಅವನು ಸತ್ತ ಮೇಲೂ
ಅದಕ್ಕಾಗಿ ಬೈಯುತ್ತಲೇ ಇದ್ದೆ.

ಹಾಳೆಯನ್ನು ಖಾನೆಗೆ ಸೇರಿಸಿದೆ. ಕಳ್ಳತನವೇ.
ಸೆಗುಂದೊಗೆ ಗೊತ್ತಿತ್ತೋ ಏನೋ,
ಗಂಟು ಹೊತ್ತು ಹೊರಟವನು
ಒಂದು ಪ್ರತಿ ಮೇಜಿನ ಮೇಲೇ ಬಿಟ್ಟ.
"ಇದರಲ್ಲಿ ಜಾಗ ಇದೆ, ದಾನಿಟ್ಸಾ," ಎಂದ,
ಹಗ್ಗಕ್ಕೆ ಕೈ ಚಾಚುತ್ತ.

ನಿನ್ನೆ ಒಂದು ಪೆನ್ನು ಕೊಂಡೆ.
ಇನ್ನೂ ಏನೂ ಬರೆದಿಲ್ಲ.
ಎದ್ದು ಹೋಗಿ ಚಿಲಕ ಹಾಕಿ ಬಂದಿದ್ದೇನೆ, ಅಷ್ಟೆ.