ಫೆಬ್ರವರಿಯ ಲೆಕ್ಕ

ಇಪ್ಪತ್ತೆಂಟೇ ದಿನ. ಬಾಡಿಗೆ ಮಾತ್ರ ಮೂವತ್ತರದ್ದು.
ದುರ್ಗಿಗುಡಿಯ ಈ ಮಹಡಿ ಕೋಣೆಯಲ್ಲಿ
ಕೆಳಗಿನ ನೂರುಲ್ಲಾರ ಹೊಲಿಗೆ ಯಂತ್ರ ನಿಂತ ಮೇಲೆ
ತಿಂಗಳಿಗೊಮ್ಮೆ ಹೀಗೆ ಕೂತು ಬರೆಯುತ್ತೇನೆ:
ಕಟ್ಟಿದ್ದು, ಕೆಡವಿದ್ದು, ಓದಿದ್ದು,
ಓದುತ್ತೇನೆಂದು ಎತ್ತಿಟ್ಟಿದ್ದು.
ಯಾರೂ ಕೇಳಿಲ್ಲ.
ಕೇಳಿದ್ದರೆ ಬರೆಯುತ್ತಿರಲಿಲ್ಲವೇನೋ.

ದುಡ್ಡು ಬರುವ ಕೆಲಸ ಒಂದೇ:
ಪತ್ತಿನ ಸಂಘದ ಸದಸ್ಯರ ಪಟ್ಟಿ, ಅಕಾರಾದಿಯಾಗಿ.
ಎರಡು ದಿನದ್ದು ಅಂದುಕೊಂಡೆ, ಹನ್ನೊಂದು ತಿಂದಿತು.
ಗುಮಾಸ್ತ ಗುರುಪಾದಯ್ಯ ಕನ್ನಡಕ ಹಣೆಗೇರಿಸಿ
‘ಕ್ಷಮಾ ಎಲ್ಲಿದಾಳಮ್ಮ?’ ಎಂದರು.
ಕ ಕೆಳಗೆ ತೋರಿಸಿದೆ, ಕೌಸಲ್ಯಾ ಆದಮೇಲೆ.
ಯಂತ್ರದ ಕಣ್ಣಿಗೆ ಕ್ಷ ಅಂದರೆ
ಒಂದು ಕ, ಅದರ ಕಾಲಡಿ ಒಂದು ಷ, ಅಷ್ಟೇ.
ಅವರು ಕೆಂಪು ಬಟ್ಟೆಯ ಹಳೇ ಖಾತೆ ಪುಸ್ತಕ ಬಿಚ್ಚಿ
ಳ ದಾಟಿ, ಕಟ್ಟಕಡೆಯ ಹಾಳೆಗೆ ಬೆರಳಿಟ್ಟು,
‘ನಮ್ಮಲ್ಲಿ ಕ್ಷಮಾ ಕೊನೆಗೇ ಬರೋದು’ ಅಂದರು.
ನಗಲಿಲ್ಲ. ಸಾಲ ವಸೂಲಿಯ ಮನುಷ್ಯ.
ಹದಿಮೂರು ಸಾಲು ಬರೆದೆ,
ಕ್ಷಮಾ ಕೊನೆಗೆ ಬರುವ ಹಾಗೆ.
ಜ್ಞಾನೇಶ ಅದಕ್ಕೂ ಆಚೆ.

ದುಡ್ಡು ಬಾರದ್ದು: ಕಪ್ಪೆ.
ತೀರ್ಥಹಳ್ಳಿ ಹೈಸ್ಕೂಲಿನ ಫಿಲೋಮಿನಾ ಟೀಚರ್
ಕೆರೆ, ಗದ್ದೆ, ಚರಂಡಿ ಸುತ್ತಿ ಹಿಡಿದುಕೊಟ್ಟ
ಮುನ್ನೂರು ಚಿಲ್ಲರೆ ಕೂಗು.
ಕೇಳಿಸಿ ಕೇಳಿಸಿ ಕಲಿಸಿದೆ.
ಪರೀಕ್ಷೆಗೆಂದು ಮೈಕು ತೆರೆದಾಗ
ಕೆಳಗೆ ನೂರುಲ್ಲಾ ಕಾಜಾ ಹೊಡೆಯುತ್ತಿದ್ದರು.
ಕಪ್ಪೆ, ಎಂದಿತು ಯಂತ್ರ,
ನೂರಕ್ಕೆ ತೊಂಬತ್ತೆರಡು ಖಾತ್ರಿಯಿಂದ.
ಇಳಿದು ಹೋಗಿ ಹೇಳಿದೆ.
ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಅವರು ಕೇಳಿದ್ದು
‘ಗಂಡೋ, ಹೆಣ್ಣೋ?’
ಗಂಡೇ ಇರಬೇಕು. ಹೆಚ್ಚಾಗಿ ಕೂಗುವವು ಅವೇ.

ಓದಿದ್ದು:
ಡಿಸ್ಕುಗಳ ಮುಂದೆ ನಿಂತು ಕಿರುಚಿದರೆ
ಅವು ಒಂದು ಗಳಿಗೆ ತಡವರಿಸುತ್ತವಂತೆ,
ಬೈಸಿಕೊಂಡ ಮಗು ಮಗ್ಗಿ ಮರೆತ ಹಾಗೆ.
ಭೂಮಿ ತಡಮಾಡಿದಾಗೆಲ್ಲ ಗಡಿಯಾರಕ್ಕೆ ಸೇರಿಸುತ್ತಿದ್ದ
ಆ ಒಂದು ಸೆಕೆಂಡನ್ನು ಇನ್ನು ಕೆಲವೇ ವರ್ಷದಲ್ಲಿ ಬಿಟ್ಟುಬಿಡುತ್ತಾರಂತೆ.
ಯಂತ್ರಗಳಿಗೆ ಅರಗುವುದಿಲ್ಲವಂತೆ.
ಇದನ್ನು ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನಲ್ಲಿ ಓದಿದೆ,
ಸಾಗರದ ಬಸ್ಸು ನಲವತ್ತು ನಿಮಿಷ ತಡವಾಗಿದ್ದಾಗ.
ಉಳಿದ ಮೂವತ್ತೇಳು ಹಾಗೇ ಇವೆ.

ಕೆಡವಬೇಕೆಂದಿದ್ದು: ಹೊಳೆ.
ನಾಲ್ಕು ವರ್ಷದ ಹಿಂದೆ ಹುಮ್ಮಸ್ಸಿನಲ್ಲಿ ಕಟ್ಟಿದ್ದು.
ಬಿಳಿ ಪರದೆ, ನಡುವೆ ದಪ್ಪಗೆ ಒಂದೇ ಅಂಕಿ:
ಗಾಜನೂರಿನಲ್ಲಿ ತುಂಗೆಯ ಮಟ್ಟ.
ಆ ವರ್ಷದ ಜುಲೈನಲ್ಲಿ ಊರೆಲ್ಲ ನೋಡಿತು,
ಸೆಪ್ಟೆಂಬರಿಗೆ ಮರೆಯಿತು.
ಅಲ್ಲಿಂದ ಇಲ್ಲಿಗೆ ತಿಂಗಳಿಗೆ ನಾನೂರು ರೂಪಾಯಿ ದಂಡ.
ಮುಚ್ಚುವ ಮುನ್ನ ದಾಖಲೆ ತೆರೆದೆ.
ದಿನಕ್ಕೆ ಒಂದು.
ಬೆಳಗಿನ ಜಾವ ನಾಲ್ಕೂ ನಲವತ್ತಕ್ಕೆ, ಒಂದೇ ಒಂದು ಹಳೇ ಫೋನು.
ಅಂಕಿ ಕದಲದ ಈ ತಿಂಗಳಲ್ಲಿ,
ಕೋರ್ಪಲಯ್ಯನ ಛತ್ರದ ಹತ್ತಿರ ಬಂಡೆಗಳೆಲ್ಲ ಬೆನ್ನು ತೋರಿಸುವಾಗ,
ಯಾರಿಗೆ ಬೇಕು ಇದು?
ಮೀನಿನವರಿಗೋ, ದಂಡೆಯಲ್ಲಿ ಸೌತೆ ಹಾಕಿದವರಿಗೋ,
ಸುಮ್ಮನೆ ನಿದ್ದೆ ಬಾರದವರಿಗೋ.
ಮುಚ್ಚಲಿಲ್ಲ. ಬದಲಿಗೆ ಒಂದು ಚಟ ಅಂಟಿತು,
ಎದ್ದ ಕೂಡಲೇ ಆ ಒಂದನ್ನು ನೋಡುವುದು.

ಇಪ್ಪತ್ತನಾಲ್ಕರಂದು ಸೊನ್ನೆ.
ಇಪ್ಪತ್ತೈದರಂದೂ.
ಹೆಸರೇ ಗೊತ್ತಿಲ್ಲದವರಿಗಾಗಿ ಹೇಗೆ ಹೆದರುವುದು?
ಹೆದರಿದೆ.
ಹೊಳೆಯ ಕಡೆ ಹೋಗಿಯೂ ಬಂದೆ,
ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದವರ ಮುಖ
ಒಂದೊಂದಾಗಿ ನೋಡುತ್ತ.
ಇಪ್ಪತ್ತಾರರ ರಾತ್ರಿ ತಿಳಿಯಿತು, ತಪ್ಪು ನನ್ನದೇ:
ಸರ್ಟಿಫಿಕೇಟಿನ ಅವಧಿ ಮುಗಿದು
ಬಾಗಿಲು ತನ್ನಷ್ಟಕ್ಕೆ ಹಾಕಿಕೊಂಡಿತ್ತು.
ಎಚ್ಚರಿಕೆಯೇನೋ ಬಂದಿತ್ತು,
ಓದದ ಮೂವತ್ತೇಳರ ನಡುವೆ ಎಲ್ಲೋ.

ಸರಿಮಾಡಿದೆ. ಮಲಗಲಿಲ್ಲ.
ನಾಲ್ಕೂ ನಲವತ್ತು: ಒಂದು.
ನಾಲ್ಕೂ ನಲವತ್ತೊಂದು: ಮತ್ತೊಂದು.
ನಂಬಿಕೆ ಬರಲಿಲ್ಲವೇನೋ,
ಇನ್ನೊಮ್ಮೆ ತಟ್ಟಿ ನೋಡಿದ್ದಾರೆ.

ಮಾರ್ಚಿಗೆ:
ಹೊಲಿಗೆ ಯಂತ್ರ ಕಪ್ಪೆಯಲ್ಲ ಎಂದು ಕಲಿಸುವುದು.
ಗುರುಪಾದಯ್ಯನವರ ಹತ್ತಿರ ಬಾಕಿ ಕೇಳುವುದು, ಮೆತ್ತಗೆ.
ಆ ನಾನೂರು, ಹತ್ತನೇ ತಾರೀಕಿನೊಳಗೆ.