ಶಾಫ್ಟ್ ಇಲ್ಲದ ಮೋಟಾರು

ನೆಹರು ಗಂಜಿನ ಹಿಂದ ನನ್ನ ಅಂಗಡಿ.
ಸುಟ್ಟ ವಾರ್ನಿಷಿನ ವಾಸನಿ ಹಿಡಕೊಂಡು ಬಂದ್ರ ಸಾಕು,
ಬೋರ್ಡು ಓದೂದು ಬ್ಯಾಡ.
ಬ್ಯಾಸಗ್ಯಾಗ ಬೋರಿನ ಮೋಟಾರು ಸಾಲು ಹಚ್ಚಿ ಮಲಗಿರ್ತಾವ.
ಒಂದೊಂದರ ಎದಿಗೆ ಕಿವಿ ಇಟ್ಟು ಹೇಳ್ತೀನಿ,
ಬೇರಿಂಗೋ, ಸುತ್ತೋ, ಹಣೇಬರಾನೋ.

ಸುಗಲಾ ಮೇಡಂ ತಂದದ್ದು ಕಬ್ಬಿಣದ ಒಂದು ಬಳಿ.
ರೊಟ್ಟಿ ಹಂಚಿನಷ್ಟು ಅಗಲ,
ನಡುವ ಬಿಳಿ ಪಿಂಗಾಣಿ ಕಾಲುವಿ.
"ಶಾಫ್ಟ್ ಎಲ್ಲದ ರೀ?"
"ಇಲ್ಲ."
"ಮತ್ತ ತಿರಗೂದು ಏನು?"
"ಎಲೆಕ್ಟ್ರಾನು," ಅಂದಳು. ನಗಲಿಲ್ಲ.

ಏಳು ಎಚ್‌ಪಿ ಕರೆಂಟು ತಿಂತದಂತ.
ಅಷ್ಟು ಕೊಟ್ರ ನನ್ನ ಮೋಟಾರು
ಮುನ್ನೂರು ಅಡಿ ಪಾತಾಳದಿಂದ ನೀರು ಎತ್ತಿ ಒಗಿತದ.
"ಇದು ಎಷ್ಟು ನೂಕ್ತದ?"
ಊಟದ ಡಬ್ಬಿ ಬಾಜೂಕಿದ್ದ ನಿಂಬೆಹಣ್ಣು ಎತ್ತಿ
ನನ್ನ ಅಂಗೈ ಮ್ಯಾಲಿಟ್ಟಳು.
"ಇದರ ಭಾರದಷ್ಟು."

ನಗು ಬಂತು, ತಡಕೊಂಡೆ.
"ಕಾಕಾ, ಮ್ಯಾಲ ಅಡ್ಡ ಬರೂ ಗಾಳಿ ಇಲ್ಲ.
ಹಗಲು ರಾತ್ರಿ ಮೂರು ವರ್ಷ ನೂಕ್ತಾನೇ ಇದ್ರ
ಆರು ಟನ್ನಿನ ನೌಕೆನೂ ದಾರಿ ಬದಲಸ್ತದ."
ಮೂರು ವರ್ಷ!
ನಾ ಸುತ್ತಿದ್ದು ಒಂದು ಬ್ಯಾಸಗಿ ದಾಟಿದ್ರ
ಗಿರಾಕಿ ಬಂದು ಚಾ ಕುಡಿಸಿ ಹೋಗ್ತಾನ.

ಮೊದಲನೇ ಸುರುಳಿ ಎರಡು ತಾಸಿಗೆ ಸುಟ್ಟಿತು.
ಗಾಳಿ ಇಲ್ಲದಲ್ಲಿ ಬಿಸಿ ಎಲ್ಲಿಗೆ ಹೋಗಬೇಕು,
ಕಲಬುರಗಿಯ ಮೇ ತಿಂಗಳ ಮಧ್ಯಾಹ್ನದಂಗ
ಕುಂತಲ್ಲೇ ಕುಂತಿತ್ತು.
ಎರಡನೇದಕ್ಕ ಹೈದರಾಬಾದಿನಿಂದ
ಗಾಜಿನ ನೂಲು ಹೊದ್ದ ತಂತಿ ತರಿಸಿದಳು.
ಬಾಗಿಸಿದ್ರ ಬೆರಳು ಕೊಯ್ತದ.
ಅದೂ ಹೋತು.

ಮೂರನೇದು ರಾತ್ರಿ ಎರಡಕ್ಕ ಹಚ್ಚಿದೆವು,
ದಾಲ್ ಮಿಲ್ಲು ನಿಂತು ವೋಲ್ಟೇಜು ಸಮಕ್ಕ ಬಂದಾಗ.
ಡ್ರಮ್ಮಿನ ಸಣ್ಣ ಕಿಟಕಿಗೆ
ಇಬ್ಬರೂ ಪಾಳಿ ಹಚ್ಚಿ ಕಣ್ಣಿಟ್ವಿ.
ನೀಲಿ.
ಇಷ್ಟು ವರ್ಷ ಕಿಡಿ ನೋಡಿದವನಿಗೆ
ಹೆಸರು ಗೊತ್ತಿಲ್ಲದ ನೀಲಿ.
ಯಾರೋ ಉಸುರು ಬಿಡಲಿಕ್ಕ ಹತ್ಯಾರ,
ಒಳಗ ತಗೊಳ್ಳೂದು ಮರತಾರ.

ಅಭ್ಯಾಸ, ಡ್ರಮ್ಮಿಗೆ ಕಿವಿ ಹಚ್ಚಿದೆ.
ಪಂಪಿನ ಗೊರಕಿ ಅಷ್ಟೇ.
ಬಳಿಯಿಂದ ಏನೂ ಇಲ್ಲ.
ನಲವತ್ತು ವರ್ಷ ಕಿವಿಯಿಂದ ಅನ್ನ ಉಂಡವ
ಕೈ ಕಟ್ಟಿ ನಿಂತೆ.

ಮುಂಜಾನೆ ರಶೀದಿ ಬುಕ್ಕು ತೆಗೆದು ಬರದೆ:
ಸುತ್ತು, ಇನ್ನೂರಾ ಹನ್ನೆರಡು.
ಮೋಟಾರು ನಂಬರು, ಖಾಲಿ.
ಗ್ಯಾರಂಟಿ ಕಾಲಮ್ಮಿನಾಗ
ರಬ್ಬರ್ ಸ್ಟಾಂಪು ಮೊದಲೇ ಬಿದ್ದಿತ್ತು:
ಆರು ತಿಂಗಳು. ಕೆಟ್ಟರೆ ಅಂಗಡಿಗೆ ತಂದು ತೋರಿಸತಕ್ಕದ್ದು.