ಮೂರೂವರೆ ಇಂಚು

ಡೊಂಬಿವಲಿಯ ನಮ್ಮ ಅಡುಗೆಮನೆ ಏಳಡಿ ಐದಡಿ.
ಕೈ ಚಾಚಿದರೆ ಒಂದಕ್ಕೆ ನಲ್ಲಿ, ಇನ್ನೊಂದಕ್ಕೆ ನೀಲಿ ಉರಿ.
ಮೃಣ್ಮಯಿ ಗುಪ್ತೆ ಬಂದಳು, ಲ್ಯಾಪ್‌ಟಾಪ್ ಬಿಚ್ಚಿದಳು,
ಪರದೆಯ ಮೇಲೆ ನನ್ನದೇ ಕೋಣೆ,
ಒಲೆ, ಸಿಂಕು, ಫ್ರಿಜ್ಜಿನ ನಡುವೆ ಒಂದು ಕೆಂಪು ತ್ರಿಕೋನ.
"ಆಂಟಿ, ನಿಮ್ಮ ಓಡಾಟವೆಲ್ಲ ಇಷ್ಟರೊಳಗೆ."
ಓಡಾಟ!
ಇಪ್ಪತ್ತೇಳು ವರ್ಷದಿಂದ ನಾನಿಲ್ಲಿ
ಬರಿಯ ತಿರುಗುತ್ತಿದ್ದೇನೆ ಮಗಳೇ,
ನಿಂತಲ್ಲೇ, ಕಡೆಯುವ ಕಲ್ಲಿನ ಗುಂಡಿನ ಹಾಗೆ.

ಪರದೆಯಲ್ಲಿ ಕಪಾಟಿನ ಬಾಗಿಲು ಹಾಲಿಗಿಂತ ಬಿಳಿ,
ಹಿಡಿಕೆಯಿಲ್ಲ, ಒತ್ತಿದರೆ ತೆರೆಯುತ್ತದಂತೆ.
ಒದ್ದೆ ಕೈಯಲ್ಲಿ? ಮಸಾಲೆ ಕೈಯಲ್ಲಿ?
ಅರಸಿನದ ಐದು ಬೆರಳು ಮೂಡಿ
ದಿನಾ ಗೃಹಪ್ರವೇಶವಾದೀತು ಎಂದೆ.
ನಕ್ಕಳು. ಬಣ್ಣ ಬದಲಾಯಿಸಿದಳು.
ಹಸುರಾಯಿತು. ಆಲಿವ್ ಅಂತೆ;
ನನಗೆ ಬಸಳೆ ಎಲೆಯ ಹಿಂಬದಿ ಅನ್ನಿಸಿತು, ಒಪ್ಪಿದೆ.

ಕಿಟಕಿಯಾಚೆ ಹಳಿ. ಲೋಕಲ್ಲಿಗೆ ಒಂದು ಚಿಟಿಕೆಯಂತೆ ಕರಿ ಧೂಳು ಒಳಗೆ.
ಆದರೂ ಅವಳಿಗೆ ತೆರೆದ ಹಲಗೆಗಳು ಬೇಕು,
ಒಂದು ಗಿಡ, ಎರಡು ಪಿಂಗಾಣಿ ಬೋಗುಣಿ,
"ಗೋಡೆ ಉಸಿರಾಡಬೇಕು ಆಂಟಿ."
ಆಡಲಿ, ಒರೆಸುವವರು ಯಾರು?
ಕೊನೆಗೆ ಉಳಿದದ್ದು ಒಂದೇ ಹಲಗೆ, ಮಸಿ ಮುಟ್ಟದ ಮೂಲೆಯಲ್ಲಿ.
ನನ್ನ ತಾಮ್ರದ ಚೆಂಬಿಗೆ
ಕೆಲಸವಿಲ್ಲದೆ ಕೂರುವ ಯೋಗ ಮೊದಲ ಸಲ.

ನಕ್ಷೆಯಲ್ಲಿ ಇಲ್ಲದ್ದು ಬಹಳವಿತ್ತು:
ನೀರು ಬಾರದ ಶುಕ್ರವಾರದ ಪೀಪಾಯಿ,
ಊರಿಂದ ಬಸ್ಸಿನಲ್ಲಿ ಬರುವ ಕುಚ್ಚಲಕ್ಕಿ ಮೂಟೆ.
ಟೇಪು ಸಾಲದೆ ಅವಳು ಪೀಪಾಯಿಯನ್ನು ತಬ್ಬಿ ಅಳೆದಳು.
ಆಗ ನನಗೆ ಅವಳ ಮೇಲೆ ನಂಬಿಕೆ ಬಂತು.

ಆಮೇಲೆ ಬಡಗಿ ಭಂವರ್‌ಲಾಲ್.
ಬಾಯೊಳಗಿನ ಮೊಳೆಗಳನ್ನು ಅಂಗೈಗೆ ಉಗುಳಿ ಕೇಳಿದ:
"ಕಲ್ಲು ಯಾರ ಎತ್ತರಕ್ಕೆ, ಭಾಭಿ?"

ಮನೆ ಸುಮ್ಮನಾಯಿತು.
ನಾನು ನಾಲ್ಕಡಿ ಹತ್ತು.
ವಾಮನ ಬಂಗೇರರು ಆರಡಿಗೆ ಒಂದಿಂಚು ಕಡಿಮೆ.
ಫೋರ್ಟಿನ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹೊಯ್ದವರು,
ಆಫೀಸುಗಳ ಹಸಿವೆಯನ್ನೆಲ್ಲ ಕಾವಲಿಯ ಮೇಲೆ ಮಗುಚಿದವರು,
ಮನೆಯ ಉಪ್ಪಿನ ಡಬ್ಬ ಎಲ್ಲಿದೆಯೆಂದು ತಿಳಿಯದವರು.
ಕಳೆದ ದೀಪಾವಳಿಗೆ ಹೋಟೆಲು ಮೊಬೈಲ್ ಅಂಗಡಿಯಾಯಿತು.
ಆವತ್ತಿನಿಂದ ಬಾಲ್ಕನಿಯಲ್ಲಿ ಪೇಪರು,
ಒಂದೇ ಪುಟ, ಮಧ್ಯಾಹ್ನದವರೆಗೆ.

"ಅವಳ ಎತ್ತರಕ್ಕೆ," ಅಂದರು ಅಲ್ಲಿಂದಲೇ.
ಪೇಪರು ಮಡಚುವ ಸದ್ದು.
"ಒಲೆಯ ಹತ್ತಿರ ಮಾತ್ರ...
ನನಗೆ ಬಗ್ಗಿದರೆ ಸೊಂಟ ಹಿಡಿಯುತ್ತದೆ."
ಕುಕ್ಕರಿನ ಸೀಟಿ ಎಣಿಸುವ ನೆಪದಲ್ಲಿ ನಾನು ತಿರುಗಿ ನಿಂತೆ.
ಕುಕ್ಕರು ಇಟ್ಟಿರಲೇ ಇಲ್ಲ.

ಮೃಣ್ಮಯಿ ಹಣೆ ಒತ್ತಿಕೊಂಡಳು:
ಕಲ್ಲು ಒಂದೇ ಗೆರೆಯಲ್ಲಿ ಹರಿಯಬೇಕು,
ನಡುವೆ ಮೆಟ್ಟಿಲಿದ್ದರೆ ಕಣ್ಣು ಎಡವುತ್ತದೆ.
ಎಡವಲಿ. ಕಣ್ಣಿಗೆ ಮಂಡಿಯಿಲ್ಲ, ತರಚುವುದಿಲ್ಲ.
ನನ್ನ ಮೊಣಕೈಯಿಂದ ನೆಲಕ್ಕೆ ಟೇಪು ಇಳಿಬಿಟ್ಟಳು,
ಅವರದ್ದರಿಂದಲೂ.
ಇಬ್ಬರ ನಡುವೆ ಎಂಟಿಂಚು ಬಂತು;
ಚೌಕಾಶಿ ಮಾಡಿ ಮಾಡಿ ಮೂರೂವರೆಗೆ ನಿಲ್ಲಿಸಿದಳು.

ಈಗ ಬೆಳಗ್ಗೆ ಐದೂವರೆಗೆ ನಲ್ಲಿ ಗೊರಗುಟ್ಟುವಾಗ
ನಾನು ತಗ್ಗಿನಲ್ಲಿ ಬೀನ್ಸ್ ಹೆಚ್ಚುತ್ತೇನೆ,
ಅವರು ದಿಬ್ಬದಲ್ಲಿ ಹಿಟ್ಟು ಹೊಯ್ಯುತ್ತಾರೆ,
ಆ ತೋಳಿಗೆ ಇನ್ನೂ ನಲವತ್ತು ಮೇಜಿನ ಲೆಕ್ಕ;
ಎರಡು ಸಾಕು ಎನ್ನುವಷ್ಟರಲ್ಲಿ ಮೂರನೆಯದು ಚುಂಯ್ ಅಂದಿರುತ್ತದೆ.
ಮೊಣಕೈ ತಾಗುತ್ತದೆ. ಬೈದುಕೊಳ್ಳುತ್ತೇವೆ.
ಉಪ್ಪು ಈಗಲೂ ನಾನೇ ತೆಗೆದು ಕೊಡಬೇಕು.

ಭಂವರ್‌ಲಾಲನ ರಸಮಟ್ಟ ತಪ್ಪಿತ್ತೋ,
ಕಟ್ಟಡವೇ ಹಳಿಯ ಕಡೆ ವಾಲಿದೆಯೋ,
ಅವರು ಇಟ್ಟ ಲಿಂಬೆಹಣ್ಣು ಇಟ್ಟಲ್ಲಿ ನಿಲ್ಲದು.
ನಿಧಾನ ಉರುಳಿ ಅಂಚಿಗೆ ಬಂದು
ಒಂದು ಗಳಿಗೆ ಯೋಚಿಸಿ
ನನ್ನ ಹೆಚ್ಚುವ ಹಲಗೆಯ ಮೇಲೆ, ಟಪ್.

ಸರಿ ಮಾಡಿಸಬಹುದಿತ್ತು.
ಭಂವರ್‌ಲಾಲ್ ಎರಡು ಸಲ ಫೋನೂ ಮಾಡಿದ.
ನಾನೇ ಎತ್ತಲಿಲ್ಲ.